ಟೈಪ್ ರೇಟಿಂಗ್: ತೋಟದ ಮೇಲೆ ಸಾಲ ತೆಗೆಯುವ ಮೊದಲು

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕೃಷಿ ಕುಟುಂಬ. ಮಗನಿಗೆ ಕಳೆದ ತಿಂಗಳು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ದೊರಕಿದೆ. ಹಾರಾಟದ ಅನುಭವ 200 ಗಂಟೆಗಿಂತ ಸ್ವಲ್ಪ ಹೆಚ್ಚು. ಈಗಲೇ ಏರ್‌ಬಸ್ ಎ320 ವಿಮಾನ ನಡೆಸಲು ಬೇಕಾದ ಟೈಪ್ ರೇಟಿಂಗ್ ತರಬೇತಿ ಮಾಡಿಸಿದರೆ ಕೆಲಸ ಖಚಿತವೆಂದು ಒಬ್ಬ ಏಜೆಂಟರು ಹೇಳುತ್ತಾರೆ. ಅದಕ್ಕೆ ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕು. ಲೈಸೆನ್ಸ್ ಸಿಕ್ಕಿದ ಮೇಲೂ ಇನ್ನೊಂದು ತರಬೇತಿ ಏಕೆ? ಸಾಲ ಮಾಡಬಹುದೇ?

ಉತ್ತರ: ಸಂಬಳಕ್ಕೆ ವಿಮಾನ ನಡೆಸುವ ಅರ್ಹತೆಯನ್ನು ಲೈಸೆನ್ಸ್ ಕೊಡುತ್ತದೆ, ಯಾವ ವಿಮಾನವನ್ನು ನಡೆಸಬಹುದು ಎಂಬುದನ್ನು ಅದರ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕಾಗುತ್ತದೆ. ಆ ನಮೂದೇ ಟೈಪ್ ರೇಟಿಂಗ್. 5,700 ಕಿಲೋಗಿಂತ ಭಾರದ ವಿಮಾನಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಮಾದರಿಗೂ ಬೇರೆಯೇ ಟೈಪ್ ರೇಟಿಂಗ್ ಬೇಕು. ಫ್ಲೈಯಿಂಗ್ ಸ್ಕೂಲುಗಳಲ್ಲಿ ಬಹುಮಟ್ಟಿಗೆ ಬಳಸುವ ಸೆಸ್ನಾ 172 ಸುಮಾರು 1,100 ಕಿಲೋ ತೂಗುವ, 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಆಸುಪಾಸಿನಲ್ಲಿ ಇಳಿಯಲು ಬರುವ ವಿಮಾನವಾದರೆ, ಎ320 ಏರುವಾಗ ಸುಮಾರು 78 ಟನ್‌ವರೆಗೆ ತೂಗುವ, ಇಳಿಯುವಾಗ ಸೆಸ್ನಾದ ಇಮ್ಮಡಿ ವೇಗದಲ್ಲಿ ರನ್‌ವೇಗೆ ಬರುವ ವಿಮಾನ. ಆದ್ದರಿಂದ ಇದು ಹಣ ಕೀಳುವುದಕ್ಕಾಗಿ ಸೇರಿಸಿದ ತರಬೇತಿಯಲ್ಲ.

ತರಗತಿಯ ಪಾಠ ಮುಗಿದ ಮೇಲೆ ಇಬ್ಬರು ಅಭ್ಯರ್ಥಿಗಳನ್ನು ಜೋಡಿಯಾಗಿ ಸಿಮ್ಯುಲೇಟರಿನಲ್ಲಿ (ನೆಲದ ಮೇಲಿನ ಕೃತಕ ಕಾಕ್‌ಪಿಟ್‌ನಲ್ಲಿ) ಕೂರಿಸುತ್ತಾರೆ. ಸಾಮಾನ್ಯವಾಗಿ ನಾಲ್ಕು ಗಂಟೆಯ ಪಾಠದಲ್ಲಿ ಅರ್ಧ ಹೊತ್ತು ವಿಮಾನವನ್ನು ನಡೆಸುವುದು, ಉಳಿದರ್ಧ ಹೊತ್ತು ನಡೆಸುವವನನ್ನು ಗಮನಿಸುತ್ತಾ ಎಚ್ಚರಿಸುವುದು. ಟೇಕಾಫ್ ನಿರ್ಧಾರದ ವೇಗ (ಅದರ ಮೇಲೆ ಓಟ ನಿಲ್ಲಿಸುವಂತಿಲ್ಲ) ದಾಟುತ್ತಿದ್ದಂತೆ ಒಂದು ಎಂಜಿನ್ನನ್ನು ನಿಲ್ಲಿಸಿಬಿಡುತ್ತಾರೆ. ಮೂತಿ ಸತ್ತ ಎಂಜಿನ್ನಿನ ಕಡೆಗೆ ವಾಲುತ್ತದೆ, ಗಂಟೆ ಬಾರಿಸುತ್ತದೆ, ಪರದೆಯ ಮೇಲೆ ಎಚ್ಚರಿಕೆಯ ಅಕ್ಷರ ಮೂಡುತ್ತದೆ. ಹೊಸಬರ ಕೈ ಕೂಡಲೇ ಸ್ವಿಚ್ಚುಗಳ ಕಡೆಗೆ ಹೋಗುತ್ತದೆ. ಆದರೆ ಎದುರು ಕಾಲಿನಿಂದ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಒತ್ತಿ, ಮೂತಿಯನ್ನು ನೇರ ಹಿಡಿದು, ಚಕ್ರಗಳನ್ನು ಮೇಲೆತ್ತಿಸಿ, 400 ಅಡಿ ಏರುವವರೆಗೆ ಬೇರೇನನ್ನೂ ಮುಟ್ಟದೆ ಇರುವುದೇ ಅಲ್ಲಿ ಕಲಿಯಬೇಕಾದ ಶಿಸ್ತು.

ಗಮನಿಸಿ ಎಚ್ಚರಿಸುವ ಉಳಿದರ್ಧವನ್ನು ಅನೇಕರು ವಿರಾಮವೆಂದು ತಿಳಿಯುತ್ತಾರೆ. ಅದು ವಿರಾಮವಲ್ಲ ಎಂಬುದನ್ನು ನಿಮ್ಮ ಜಿಲ್ಲೆಯವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. 2010ರ ಮೇ 22ರಂದು ಮಂಗಳೂರಿನ ಟೇಬಲ್‌ಟಾಪ್ ರನ್‌ವೇಯನ್ನು ದಾಟಿ ಕಂದಕಕ್ಕೆ ಉರುಳಿದ ಬೋಯಿಂಗ್ 737ರಲ್ಲಿ 158 ಮಂದಿ ತೀರಿಹೋದರು. ಕಾಸರಗೋಡಿನ ಎಷ್ಟೋ ಮನೆಗಳು ತಮ್ಮವರನ್ನು ಕಳೆದುಕೊಂಡವು. ಇಳಿಯುವಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರೋಣವೆಂದು ಫಸ್ಟ್ ಆಫೀಸರ್ (ಸಹಪೈಲಟ್) ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಮುಂದುವರಿದದ್ದನ್ನು ತನಿಖಾ ನ್ಯಾಯಾಲಯವು ದುರಂತದ ಕಾರಣವಾಗಿ ದಾಖಲಿಸಿತು. ನಿಮ್ಮ ಮಗ ಮೊದಲು ಕೂರುವುದು ಫಸ್ಟ್ ಆಫೀಸರ್‌ನ ಆ ಬಲಗಡೆಯ ಸೀಟಿನಲ್ಲಿಯೇ. ಅಲ್ಲಿಂದ ಸ್ಪಷ್ಟವಾಗಿ, ಸಕಾಲದಲ್ಲಿ ಮಾತಾಡುವುದನ್ನು ಅವನು ಕಲಿಯುವುದು ಆ ಉಳಿದರ್ಧ ಹೊತ್ತಿನಲ್ಲಿ.

ಇನ್ನು ಸಾಲದ ವಿಷಯ. ವಿಮಾನಯಾನ ಕಂಪನಿಯ ಆಯ್ಕೆಪತ್ರ ಕೈಗೆ ಬರುವ ಮೊದಲು ಟೈಪ್ ರೇಟಿಂಗಿಗೆ ಹಣ ಕಟ್ಟಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಎ320ರ ರೇಟಿಂಗ್ ಎ319, ಎ321ಗಳಿಗೂ ಸಲ್ಲುತ್ತದೆ. 737ಕ್ಕಾಗಲೀ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಕ್ಕಾಗಲೀ ಸಲ್ಲುವುದಿಲ್ಲ. ಹೀಗಿರುವಾಗ ಕರೆಯುವ ಕಂಪನಿಯ ಬಳಿ ಬೇರೆ ಮಾದರಿಯ ವಿಮಾನವಿದ್ದರೆ ನೀವು ಲಕ್ಷಗಟ್ಟಲೆ ಸುರಿದ ಹಣ ಅಲ್ಲಿ ಉಪಯೋಗಕ್ಕೆ ಬಾರದು. ರೇಟಿಂಗ್ ಇಲ್ಲದ ಅಭ್ಯರ್ಥಿಗಳನ್ನು ಪರೀಕ್ಷೆಯ ಮೂಲಕ ಆರಿಸಿ, ಆಮೇಲೆ ತಮಗೆ ಬೇಕಾದ ವಿಮಾನದ ತರಬೇತಿಗೆ ಕಳುಹಿಸುವ ಕ್ರಮವೂ ಇದೆ. ಅದರಲ್ಲಿ ಖರ್ಚು ಅಭ್ಯರ್ಥಿಯದ್ದೇ ಆಗಬಹುದು. ಆದರೂ ಆಗ ತೆಗೆಯುವ ಸಾಲದ ಮುಂದೆ ಒಂದು ಸಂಬಳ ಕಾಣುತ್ತಿರುತ್ತದೆ. ರೇಟಿಂಗ್ ಮುಗಿಸಿ ಕೆಲಸವಿಲ್ಲದೆ ಕುಳಿತರೆ ಬಡ್ಡಿಯೊಂದೇ ಅಲ್ಲ, ಕೈಗೆ ಹತ್ತಿದ ಪಳಗಿಕೆಯೂ ತಿಂಗಳುಗಳಲ್ಲಿ ಜಾರಿಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಸಿಮ್ಯುಲೇಟರಿಗೆ ದುಡ್ಡು ಕಟ್ಟಬೇಕು.

ಏಜೆಂಟರು ಹೆಚ್ಚಾಗಿ ಹೇಳದೆ ಬಿಡುವ ಇನ್ನೊಂದು ಸಂಗತಿಯಿದೆ. 200 ಗಂಟೆಯ ಪೈಲಟ್‌ಗೆ ಸಿಮ್ಯುಲೇಟರ್ ಮಾತ್ರ ಸಾಮಾನ್ಯವಾಗಿ ಸಾಲದು. ಪ್ರಯಾಣಿಕರಿಲ್ಲದ ನಿಜವಾದ ವಿಮಾನದಲ್ಲಿ ಹಲವು ಸಲ ಏರಿ ಇಳಿಯುವ ಬೇಸ್ ಟ್ರೈನಿಂಗ್ ಆಗಬೇಕು. ಅದಕ್ಕೆ ಯಾವುದಾದರೂ ಕಂಪನಿ ತನ್ನ ವಿಮಾನವನ್ನು ಬಿಟ್ಟುಕೊಡಬೇಕು. ಹೇಳಿದ ಶುಲ್ಕದಲ್ಲಿ ಇದು ಸೇರಿದೆಯೇ, ತರಬೇತಿ ಸಂಸ್ಥೆಗೂ ಸಿಮ್ಯುಲೇಟರಿಗೂ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಮಾನ್ಯತೆ ಈಗಲೂ ಇದೆಯೇ ಎಂದು ನೀವೇ ವಿಚಾರಿಸಬೇಕು.

ಕಾಯುವ ಕಾಲವನ್ನು ಮಗ ಹಾಳು ಮಾಡಬೇಕಾಗಿಲ್ಲ. ಕ್ಲಾಸ್ 1 ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ಇವುಗಳ ಅವಧಿ ಮುಗಿಯದಂತೆ ನೋಡಿಕೊಂಡು, ಎಟಿಪಿಎಲ್ (ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್) ಲಿಖಿತ ಪರೀಕ್ಷೆಗಳಿಗೆ ಓದಲಿ. ಆಸಕ್ತಿಯಿದ್ದರೆ ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿಸಬಹುದು. ಹಾರಾಟದ ಗಂಟೆಗಳೂ ಬೆಳೆಯುತ್ತವೆ, ಅಷ್ಟಿಷ್ಟು ಸಂಪಾದನೆಯೂ ಆಗುತ್ತದೆ.

ಏಜೆಂಟರು ಮತ್ತೆ ಬಂದಾಗ, ಕೆಲಸ ಕೊಡುವ ಕಂಪನಿ ಯಾವುದು, ಬೇಸ್ ಟ್ರೈನಿಂಗ್ ಯಾರ ವಿಮಾನದಲ್ಲಿ, ಯಾವ ತಿಂಗಳಲ್ಲಿ ಎಂಬುದನ್ನು ಬರೆದುಕೊಡಲು ಹೇಳಿ. ಆ ಕಂಪನಿಯೇ ನಿಮ್ಮ ಮಗನ ಹೆಸರಿಗೆ ಪತ್ರ ಕಳುಹಿಸುವವರೆಗೆ ತೋಟದ ದಸ್ತಾವೇಜು ಮನೆಯಲ್ಲಿಯೇ ಇರಲಿ.