ಮೂರು ತಿಂಗಳ ಗುಣ ಯಾರ ಲೆಕ್ಕಕ್ಕೆ?

ಓದುಗರೊಬ್ಬರು ಬರೆದಿದ್ದಾರೆ: 'ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನೊಳಗೆ ಉರಿಯೂತ, ಹುಣ್ಣು. ವರ್ಷಗಟ್ಟಲೆ ಅದಕ್ಕೆ ಕೊಡುವ ಮೆಸಲಮೈನ್ ಔಷಧಿ ನುಂಗಿದ. ಈಗ ಅದನ್ನು ಬಿಟ್ಟು ಗಿಡಮೂಲಿಕೆ ಪುಡಿ ತಗೊಳ್ಳುತ್ತಿದ್ದಾನೆ. ಮೂರು ತಿಂಗಳಿಂದ ರಕ್ತಭೇದಿ ಇಲ್ಲ. ಇಂಥ ಒಳ್ಳೆ ಸುದ್ದಿ ನಿಮ್ಮ ಪತ್ರಿಕೆಗೆ ಯಾಕೆ ಬೇಡ?'

ನಿಮ್ಮ ತಮ್ಮ ಆರಾಮಾಗಿದ್ದಾರೆ ಅನ್ನುವುದು ಖಂಡಿತ ಒಳ್ಳೆ ಸುದ್ದಿ. ಪುಡಿ ಕೊಟ್ಟವರು ಅವರ ಕಷ್ಟವನ್ನು ಕೂತು ಕೇಳಿದರು ಅಂತಲೂ ಬರೆದಿದ್ದೀರಿ. ಅದೂ ಬೇಕು, ಒಪ್ಪುತ್ತೇನೆ. ಆದರೆ ಗುಣದ ಹೆಸರನ್ನು ಪುಡಿಗೆ ಬರೆದುಕೊಡಲು ನಾನು ತಯಾರಿಲ್ಲ.

ಈ ಕಾಯಿಲೆ ಒಮ್ಮೆ ಕೆರಳುತ್ತದೆ, ಒಮ್ಮೊಮ್ಮೆ ತಾನಾಗಿಯೇ ತಣ್ಣಗಾಗುತ್ತದೆ. ಆ ಹೊತ್ತಿಗೆ ಕೈಯಲ್ಲಿ ಯಾವ ಔಷಧಿ ಇತ್ತೋ ಹೆಸರು ಅದಕ್ಕೆ. ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು 1955ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಒಟ್ಟು 210 ರೋಗಿಗಳು. ಅರ್ಧದಷ್ಟು ಜನರಿಗೆ ಉರಿಯೂತ ತಗ್ಗಿಸುವ ಕಾರ್ಟಿಸೋನ್ ಔಷಧಿ, ಉಳಿದವರಿಗೆ ಔಷಧಿಯೇ ಇಲ್ಲದ ಗುಳಿಗೆ. ಆರು ವಾರಕ್ಕೆ ಕಾರ್ಟಿಸೋನ್ ತಗೊಂಡವರಲ್ಲಿ ನೂರಕ್ಕೆ ಸುಮಾರು 41 ಮಂದಿ ಚೇತರಿಸಿಕೊಂಡರು. ಬರೀ ಗುಳಿಗೆಯವರಲ್ಲಿ ಸುಮಾರು 16. ಆ 16 ಮಂದಿಯನ್ನು ಕೇಳಿದ್ದರೆ, ಈ ಗುಳಿಗೆಯಿಂದಲೇ ಬದುಕಿದೆ ಅಂತ ಆಣೆ ಮಾಡುತ್ತಿದ್ದರು, ಅಲ್ವಾ? ಎರಡು ಗುಂಪು ಮಾಡಿ ಎಣಿಸಿದ್ದಕ್ಕೆ ಕಾರ್ಟಿಸೋನಿನ ಬೆಲೆ ಗೊತ್ತಾಯಿತು. ನಿಮ್ಮ ತಮ್ಮನ ಪುಡಿಯನ್ನು ಹಾಗೆ ಎಣಿಸಿದವರು ಯಾರು?

'ಸೊಪ್ಪು-ಬೇರು ತಾನೇ, ಅಡ್ಡಪರಿಣಾಮ ಇಲ್ಲ' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಜಪಾನಿನಲ್ಲಿ ನೀಲಿ (ಇಂಡಿಗೊ) ಗಿಡದಿಂದ ತೆಗೆದ ಪುಡಿಯನ್ನು ಇದೇ ಕಾಯಿಲೆಗೆ ಪರೀಕ್ಷಿಸಿದರು. ಕೆಲಸವನ್ನೂ ಮಾಡಿತು. ಆದರೆ ಅದನ್ನು ತಾವಾಗಿಯೇ ತಗೊಳ್ಳುತ್ತಿದ್ದ ಕೆಲವರಿಗೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ ವರದಿ ಬಂತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಪರೀಕ್ಷೆಗೆ ಇಳಿಸಿದ ಪುಡಿಯ ಕಥೆ ಇದು. ಡಬ್ಬಿಯ ಮೇಲೆ ಏನಿದೆ ಅಂತ ಬರೆಯದ ಪುಡಿಗಳ ಗತಿ ಏನು?

ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. 'ಗುಣವಾಯ್ತು' ಅನ್ನುವ ಪತ್ರಗಳು ನಮಗೆ ರಾಶಿ ರಾಶಿ ಬರುತ್ತವೆ. 'ಮತ್ತೆ ಶುರುವಾಯ್ತು, ಆಸ್ಪತ್ರೆ ಸೇರಿದೆ' ಅನ್ನುವ ಪತ್ರ ತೀರಾ ಅಪರೂಪ. ಊರಿಗೆಲ್ಲ ಹೇಳಿಕೊಂಡು ಬಂದವರು ಆಮೇಲೆ ನಾಚಿಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಪುಡಿ ಮಾರುವವರ ಜಾಹೀರಾತು ನಿಂತಿರುವುದೇ ಈ ಮೌನದ ಮೇಲೆ.

ರಕ್ತ ನಿಂತರೂ ಕರುಳಿನೊಳಗೆ ಉರಿಯೂತ ಉಳಿದಿರಬಹುದು. ವರ್ಷಗಟ್ಟಲೆ ಉಳಿದರೆ ಕ್ಯಾನ್ಸರಿನ ಅಪಾಯ ಜಾಸ್ತಿ. ತಮ್ಮನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಪುಡಿಯ ವಿಷಯ ಮುಚ್ಚಿಡಬೇಡಿ, ಡಬ್ಬಿಯನ್ನೂ ತೋರಿಸಿ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿ, ಕರುಳಿನಲ್ಲಿ ಉರಿಯೂತ ಉಳಿದಿದೆಯೇ ಅಂತ ಅದು ಸುಳಿವು ಕೊಡುತ್ತದೆ. ಫಲಿತಾಂಶ ಏನೇ ಬಂದರೂ ನನಗೆ ಬರೆಯಿರಿ, ಹಾಗೇ ಅಚ್ಚು ಹಾಕುತ್ತೇವೆ.