ಎರಡೇ ರೇಸ್ ಗೆದ್ದ ನಿಕಿ ಹೇಡನ್ 2006ರ ಮೋಟೋಜಿಪಿ ಚಾಂಪಿಯನ್ ಆದದ್ದು ಬರೀ ಅದೃಷ್ಟದಿಂದಲೇ?

ಬೈಕ್ ರೇಸಿಂಗ್‌ನ ಅತ್ಯುನ್ನತ ವಿಶ್ವ ಸರಣಿಯಾದ ಮೋಟೋಜಿಪಿಯಲ್ಲಿ ಆ ವರ್ಷ ಯಮಾಹಾದ ವ್ಯಾಲೆಂಟಿನೋ ರೊಸ್ಸಿ ಐದು ರೇಸ್ ಗೆದ್ದಿದ್ದರೂ ಎರಡೇ ಗೆದ್ದ ಹೊಂಡಾದ ಹೇಡನ್ ಅವರಿಗೆ ಪಟ್ಟ ಸಿಕ್ಕಿದ್ದು ನ್ಯಾಯವೇ, ಅದು ಅದೃಷ್ಟದ ಆಟವಲ್ಲವೇ ಎಂದು ಕೇಳಿದ್ದೀರಿ. ಅದೃಷ್ಟದ ಪಾಲು ಖಂಡಿತ ಇತ್ತು, ಆದರೆ ಅದು ಹೇಡನ್ ಒಬ್ಬರ ಕಡೆಗೇ ವಾಲಿತ್ತು ಎಂಬುದನ್ನು ನಾನು ಒಪ್ಪುವುದಿಲ್ಲ. ನಾನು ಹಲವು ಬಾರಿ ಮರಳಿ ನೋಡಿರುವ ಋತು ಅದು. ನೋಡಿದಷ್ಟೂ ಈ ಅಭಿಪ್ರಾಯ ಗಟ್ಟಿಯಾಗಿದೆ.

ಮೊದಲಿಗೆ ಲೆಕ್ಕ. ಹದಿನೇಳು ರೇಸ್‌ಗಳ ಕೊನೆಗೆ ಹೇಡನ್ 252 ಅಂಕ, ರೊಸ್ಸಿ 247 ಅಂಕ ಪಡೆದಿದ್ದರು. ಗೆದ್ದವರಿಗೆ 25, ನಂತರದವರಿಗೆ 20, 16, 13, 11 ಎಂದು ಇಳಿಯುತ್ತಾ ಹದಿನೈದನೆಯವರಿಗೆ ಒಂದು ಅಂಕ ಸಿಗುವ ಪದ್ಧತಿಯಲ್ಲಿ, ಗೆಲುವಿಗೂ ಎರಡನೇ ಸ್ಥಾನಕ್ಕೂ ಇರುವ ವ್ಯತ್ಯಾಸ ಐದೇ ಅಂಕ. ಆದರೆ ಎರಡನೇ ಸ್ಥಾನಕ್ಕೂ ಬರಿಗೈಯಲ್ಲಿ ಮರಳುವುದಕ್ಕೂ ಇಪ್ಪತ್ತು ಅಂಕಗಳ ಅಂತರವಿದೆ. ಹೇಡನ್ ಹದಿನಾರು ರೇಸ್‌ಗಳಲ್ಲಿ ಅಂಕ ಗಳಿಸಿದರು, ರೊಸ್ಸಿ ಹದಿನಾಲ್ಕರಲ್ಲಿ. ಮೊದಲ ಮೂರು ಸ್ಥಾನಗಳಲ್ಲಿ ಇಬ್ಬರೂ ಹತ್ತು ಹತ್ತು ಬಾರಿ ಮುಗಿಸಿದ್ದಾರೆ ಎಂಬುದನ್ನು ‘ಎರಡೇ ಗೆಲುವು’ ಎಂದು ಮೂಗು ಮುರಿಯುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಋತುವಿನ ಮೊದಲ ಹನ್ನೊಂದು ರೇಸ್‌ಗಳಲ್ಲಿ ಹೇಡನ್ ಒಂಬತ್ತು ಬಾರಿ ಪೋಡಿಯಂ (ಮೊದಲ ಮೂವರು ನಿಲ್ಲುವ ವೇದಿಕೆ) ಏರಿದರು. ಉಳಿದ ಎರಡರಲ್ಲಿ, ಅಂದರೆ ಲೆ ಮಾನ್ಸ್‌ನಲ್ಲಿ ಐದನೆಯವರಾಗಿ ಮತ್ತು ಡಾನಿಂಗ್ಟನ್‌ನಲ್ಲಿ ಏಳನೆಯವರಾಗಿ ಮುಗಿಸಿದರು. ರೊಸ್ಸಿ ಅವರಿಗೆ ಇದೇ ಅವಧಿ ಕೆಟ್ಟ ಕಾಲವಾಗಿತ್ತು. ಮಾರ್ಚ್ ತಿಂಗಳ ಮೊದಲ ರೇಸ್‌ನಲ್ಲಿ, ಹೆರೆಜ್‌ನ ಮೊದಲ ತಿರುವಿನಲ್ಲೇ ಟೋನಿ ಎಲಿಯಾಸ್ ಹಿಂದಿನಿಂದ ಬಂದು ಗುದ್ದಿದರು. ಬಿದ್ದೆದ್ದು ಹದಿನಾಲ್ಕನೆಯವರಾಗಿ ಮುಗಿಸಿದ ರೊಸ್ಸಿಗೆ ಸಿಕ್ಕಿದ್ದು ಎರಡು ಅಂಕ. ಆ ವರ್ಷದ ಯಮಾಹಾ ಬೈಕಿನಲ್ಲಿ ತಿರುವುಗಳಲ್ಲಿ ಚಕ್ರ ಅದುರುವ ತೊಂದರೆ, ಸವಾರರ ಮಾತಿನಲ್ಲಿ ಹೇಳುವುದಾದರೆ ಚಾಟರ್, ಋತುವಿನ ಆರಂಭದಲ್ಲಿ ಬಹಳ ಕಾಡಿತು. ಶಾಂಘೈಯಲ್ಲಿ ಮುಂದಿನ ಟೈರ್ ಕಿತ್ತುಬಂದು ನಿಲ್ಲಬೇಕಾಯಿತು, ಲೆ ಮಾನ್ಸ್‌ನಲ್ಲಿ ಮುನ್ನಡೆಯಲ್ಲಿದ್ದಾಗಲೇ ಬೈಕು ಕೈಕೊಟ್ಟಿತು, ಲಗೂನಾ ಸೆಕಾದಲ್ಲಿ ಎಂಜಿನ್ ಕೆಟ್ಟಿತು. ಅಸೆನ್‌ನಲ್ಲಂತೂ ಅಭ್ಯಾಸದ ವೇಳೆ ಬಿದ್ದು ಕೈಮೂಳೆ ಮುರಿದುಕೊಂಡು, ಅದೇ ಕೈಯಲ್ಲಿ ಓಡಿಸಿ ಎಂಟನೆಯವರಾದರು. ಇದರಲ್ಲಿ ಹೆಚ್ಚಿನದು ಸವಾರನ ತಪ್ಪಲ್ಲ ಎಂಬುದನ್ನು ಒಪ್ಪಲೇಬೇಕು. ಲಗೂನಾ ಸೆಕಾದ ನಂತರ ಹೇಡನ್ 194, ರೊಸ್ಸಿ 143. ಅಂತರ 51.

ಆದರೆ ದುರದೃಷ್ಟದ ತಕ್ಕಡಿಯನ್ನು ಹಿಡಿಯುವುದಾದರೆ ಮೊದಲು ತೂಗಬೇಕಾದ ಹೆಸರು ಡುಕಾಟಿಯ ಲೋರಿಸ್ ಕಪಿರೋಸಿ ಅವರದು. ಆರು ರೇಸ್‌ಗಳಾದಾಗ ಅವರೂ ಹೇಡನ್ ಅವರೂ ತಲಾ 99 ಅಂಕಗಳೊಂದಿಗೆ ಸಮನಾಗಿದ್ದರು. ಮುಂದಿನ ರೇಸ್ ಬಾರ್ಸಿಲೋನಾದಲ್ಲಿ. ಆರಂಭವಾದ ಕೂಡಲೇ ಮೊದಲ ತಿರುವಿಗೆ ನುಗ್ಗುವಾಗ ಕಪಿರೋಸಿ ಅವರ ತಂಡದ ಜೊತೆಗಾರ ಸೆಟೆ ಗಿಬರ್ನಾವ್ ಅವರ ಬೈಕು ಕಪಿರೋಸಿಗೆ ತಾಗಿ ದೊಡ್ಡ ಅಪಘಾತವಾಯಿತು. ಮಾರ್ಕೋ ಮೆಲಾಂಡ್ರಿ ಸೇರಿದಂತೆ ಮೂವರೂ ಆಸ್ಪತ್ರೆ ಸೇರಿದರು. ಗಾಯದ ಮೈಯಲ್ಲೇ ಅಸೆನ್‌ನಲ್ಲಿ ಓಡಿಸಿ ಒಂದೇ ಅಂಕ ಪಡೆದ ಕಪಿರೋಸಿ, ಋತುವಿನ ಕೊನೆಗೆ 229 ಅಂಕಗಳೊಂದಿಗೆ ಮೂರನೆಯವರಾದರು, ಅದೂ ಮೂರು ರೇಸ್ ಗೆದ್ದು. ಬಾರ್ಸಿಲೋನಾದ ಆ ರೇಸನ್ನು ಗೆದ್ದವರು ಯಾರು? ರೊಸ್ಸಿ. ಮೂವರು ಪ್ರಬಲ ಎದುರಾಳಿಗಳಿಲ್ಲದ ಆ ಗೆಲುವನ್ನು ಯಾರೂ ಅದೃಷ್ಟವೆಂದು ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ.

ನಿಮ್ಮ ಪಕ್ಷದ ಅತ್ಯಂತ ಬಲವಾದ ವಾದವನ್ನೂ ಹೇಳಿಬಿಡುತ್ತೇನೆ. ಅಸೆನ್‌ನ ಕೊನೆಯ ಲ್ಯಾಪ್‌ನಲ್ಲಿ ಹೇಡನ್ ಮತ್ತು ಯಮಾಹಾದ ಕಾಲಿನ್ ಎಡ್ವರ್ಡ್ಸ್ ನಡುವೆ ಜಟಾಪಟಿ ನಡೆದಿತ್ತು. ಗೆಲುವು ಕೈಗೆ ಬಂತೆನ್ನುವಾಗ ಎಡ್ವರ್ಡ್ಸ್ ಕೊನೆಯ ಚಿಕೇನ್‌ನಲ್ಲಿ, ಅಂದರೆ ಬೆನ್ನುಬೆನ್ನಿಗೆ ಬರುವ ಎಡಬಲ ತಿರುವುಗಳಲ್ಲಿ, ಬಿದ್ದರು, ಹೇಡನ್ ಗೆದ್ದರು. ಅವರು ಅಲ್ಲಿ ಎರಡನೆಯವರಾಗಿದ್ದರೆ ಐದು ಅಂಕ ಕಡಿಮೆಯಾಗಿ ಋತು 247–247 ಎಂದು ಸಮನಾಗುತ್ತಿತ್ತು, ಹೆಚ್ಚು ಗೆಲುವುಗಳ ಆಧಾರದಲ್ಲಿ ಪಟ್ಟ ರೊಸ್ಸಿಗೆ ಹೋಗುತ್ತಿತ್ತು.

ಆಗಸ್ಟ್‌ನಿಂದ ಗಾಳಿ ತಿರುಗಿತು. ಬ್ರನೋ, ಸೆಪಾಂಗ್, ಫಿಲಿಪ್ ಐಲೆಂಡ್, ಮೊಟೆಗಿ, ಈ ನಾಲ್ಕು ರೇಸ್‌ಗಳಲ್ಲಿ ರೊಸ್ಸಿ 81 ಅಂಕ ಬಾಚಿಕೊಂಡರೆ ಹೇಡನ್ ಒಮ್ಮೆಯೂ ಪೋಡಿಯಂ ಕಾಣದೆ 42ಕ್ಕೇ ತೃಪ್ತಿಪಟ್ಟರು. ಚಾಂಪಿಯನ್‌ಗೆ ತಕ್ಕ ಓಟ ಅದಾಗಿರಲಿಲ್ಲ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅಂತರ ಹನ್ನೆರಡಕ್ಕೆ ಇಳಿಯಿತು.

ಇನ್ನು ಎಸ್ಟೋರಿಲ್. ಪೋರ್ಚುಗಲ್‌ನ ಆ ರೇಸ್‌ನಲ್ಲಿ ಆರಂಭದ ಲ್ಯಾಪ್‌ಗಳಲ್ಲೇ ರೆಪ್ಸಾಲ್ ಹೊಂಡಾದ ಎಳೆಯ ಸವಾರ ಡಾನಿ ಪೆಡ್ರೋಸಾ, ಮುಂದಿದ್ದ ತಮ್ಮದೇ ತಂಡದ ಹೇಡನ್ ಅವರ ಒಳಬದಿಗೆ ನುಗ್ಗಲು ಹೋಗಿ ಜಾರಿದರು, ಅವರನ್ನೂ ಎಳೆದುಕೊಂಡು ಜಲ್ಲಿಯೊಳಕ್ಕೆ ಬಿದ್ದರು. ಪಟ್ಟಕ್ಕಾಗಿ ಸೆಣಸುತ್ತಿರುವವನನ್ನು ಅವನ ತಂಡದವನೇ ಕೆಡವುವ ದೃಶ್ಯ ಈ ಆಟದಲ್ಲಿ ಬಹಳ ಅಪರೂಪ. ಹೇಡನ್ ಹೆಲ್ಮೆಟ್ಟಿನೊಳಗಿಂದ ಕೂಗಾಡಿದ್ದನ್ನು ಕಂಡು ಯಾರೂ ಆಶ್ಚರ್ಯಪಡಲಿಲ್ಲ. ಋತುವಿನಲ್ಲಿ ಅವರು ಸೊನ್ನೆ ಪಡೆದದ್ದು ಆ ಒಂದೇ ದಿನ, ಅದೂ ತಮ್ಮ ತಪ್ಪಿಲ್ಲದೆ. ಆದ್ದರಿಂದಲೇ ‘ಅದೃಷ್ಟವಂತ ಚಾಂಪಿಯನ್’ ಎಂಬ ಮಾತು ನನಗೆ ವಿಚಿತ್ರವಾಗಿ ಕೇಳಿಸುತ್ತದೆ.

ಅದೇ ರೇಸ್‌ನ ಕೊನೆಯಲ್ಲಿ ಎಲಿಯಾಸ್ ಗೆರೆಯ ಬಳಿ ರೊಸ್ಸಿಯನ್ನು 0.002 ಸೆಕೆಂಡಿನಿಂದ ಹಿಂದಿಕ್ಕಿದರು. ಹೆರೆಜ್‌ನಲ್ಲಿ ಗುದ್ದಿದ ಅದೇ ಎಲಿಯಾಸ್! ರೊಸ್ಸಿ ಎಂಟು ಅಂಕಗಳ ಮುನ್ನಡೆ ಪಡೆದದ್ದರಿಂದ ಆ ಐದು ಅಂಕಗಳ ನಷ್ಟ ಅಂದು ದೊಡ್ಡದಾಗಿ ಕಾಣಲಿಲ್ಲ.

ಅಕ್ಟೋಬರ್ 29ರಂದು ವೆಲೆನ್ಸಿಯಾದಲ್ಲಿ ಕೊನೆಯ ರೇಸ್. ಪೋಲ್ ಸ್ಥಾನದಲ್ಲಿ, ಅಂದರೆ ಆರಂಭದ ಸಾಲಿನ ಮೊದಲ ಜಾಗದಲ್ಲಿದ್ದ ರೊಸ್ಸಿ ಆರಂಭದಲ್ಲೇ ಹಿಂದೆ ಬಿದ್ದರು, ಐದನೇ ಲ್ಯಾಪ್‌ನಲ್ಲಿ ಯಾರ ಒತ್ತಡವೂ ಇಲ್ಲದೆ ಒಂದು ನಿಧಾನಗತಿಯ ತಿರುವಿನಲ್ಲಿ ಜಾರಿಬಿದ್ದರು. ಮತ್ತೆ ಎದ್ದು ಓಡಿಸಿ ಹದಿಮೂರನೆಯವರಾದರು. ಇತ್ತ ಹೇಡನ್ ಅವರಿಗೆ ಪೆಡ್ರೋಸಾ ಈ ಬಾರಿ ದಾರಿ ಬಿಟ್ಟರು. ಗಾಯಗೊಂಡ ಗಿಬರ್ನಾವ್ ಬದಲಿಗೆ ಬಂದಿದ್ದ, ಸೂಪರ್‌ಬೈಕ್ ಎಂಬ ಬೇರೆ ಸರಣಿಯ ಚಾಂಪಿಯನ್ ಟ್ರಾಯ್ ಬೇಲಿಸ್ ಮತ್ತು ಕಪಿರೋಸಿ ಮೊದಲೆರಡು ಸ್ಥಾನ ಪಡೆದರು. ಅವರನ್ನು ಬೆನ್ನಟ್ಟುವ ಹುಚ್ಚು ಸಾಹಸಕ್ಕೆ ಇಳಿಯದೆ ಹೇಡನ್ ಮೂರನೆಯವರಾಗಿ ಮುಗಿಸಿದರು. ಪಟ್ಟಕ್ಕೆ ರೊಸ್ಸಿ ಎಂಟನೆಯವರಾಗಿದ್ದರೂ ಸಾಕಿತ್ತು. ಎಸ್ಟೋರಿಲ್‌ನಲ್ಲಿ ಗೆದ್ದಿದ್ದರಂತೂ ಈ ಹದಿಮೂರನೇ ಸ್ಥಾನವೇ 252–252 ಮಾಡಿ ಪಟ್ಟ ಕೊಡಿಸುತ್ತಿತ್ತು. ವರ್ಷವಿಡೀ ಬೈಕು, ಟೈರು, ಎದುರಾಳಿಗಳಿಂದ ಪೆಟ್ಟು ತಿಂದಿದ್ದ ಅವರು ಕೊನೆಗೆ ಸೋತದ್ದು ತಮ್ಮ ಕೈಯಾರೆ.

ಹೇಡನ್ ಮತ್ತೆಂದೂ ಮೋಟೋಜಿಪಿ ರೇಸ್ ಗೆಲ್ಲಲಿಲ್ಲ ಎಂಬುದನ್ನೂ ಕೆಲವರು ಸಾಕ್ಷಿಯಾಗಿ ಮುಂದಿಡುತ್ತಾರೆ. 2007ರಲ್ಲಿ ಎಂಜಿನ್ ಗಾತ್ರದ ಮಿತಿ 990ರಿಂದ 800 ಸಿಸಿಗೆ ಇಳಿದು, ಬೈಕು ಓಡಿಸುವ ರೀತಿಯೇ ಬದಲಾಯಿತು. ಡರ್ಟ್ ಟ್ರ್ಯಾಕ್‌ನಲ್ಲಿ, ಅಂದರೆ ಮಣ್ಣಿನ ಹಾದಿಯ ರೇಸ್‌ಗಳಲ್ಲಿ ಬೆಳೆದು, ಹಿಂದಿನ ಚಕ್ರವನ್ನು ಜಾರಿಸುತ್ತಾ ಓಡಿಸುತ್ತಿದ್ದ ಅಮೆರಿಕದ ಆ ಸವಾರನಿಗೆ ಹೊಸ ಬೈಕುಗಳು ಒಗ್ಗಲಿಲ್ಲ. ಅದು 2007ರ ಮಾತು. 2006ರ ಅಂಕಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.