ಎರಡು ಹಾಸನಾಂಬೆ ಜಾತ್ರೆ ಹಾಳು ಮಾಡಿದ ಒಂದು ಸ್ವಿಚ್
ನಮ್ಮ ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ರಾತ್ರಿ ವಾಹನಗಳ ಬೆಳಕಿನ ಗೆರೆ ಚೆನ್ನಾಗಿ ಬರುತ್ತೆ, ಹಿಂದಿನ ಕಟ್ಟಡ ಮಾತ್ರ ಮಬ್ಬು. ಹೊಸ ಲೆನ್ಸ್ ತಗೊಳ್ಳಲಾ, ಟ್ರೈಪಾಡ್ ಬದಲಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಟ್ರೈಪಾಡ್ ಬದಲಿಸಿ ಕೈ ಸುಟ್ಟುಕೊಂಡವನು ನಾನು.

ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ದೀಪಾವಳಿ ಮುಗಿಯುತ್ತಿದ್ದಂತೆ ಮತ್ತೆ ಮುಚ್ಚುತ್ತಾರೆ. ಅಷ್ಟು ದಿನ ಊರಿಗೆ ಊರೇ ಸೀರಿಯಲ್ ಸೆಟ್ ಹಾಕಿಕೊಂಡು ಕೂತಿರುತ್ತೆ. ಆ ಬೆಳಕಿನ ಕೆಳಗೆ ಹರಿಯುವ ಟ್ರಾಫಿಕ್‌ನ ಫೋಟೋ ತೆಗೆಯಬೇಕು ಅಂತ ಬಿ.ಎಂ. ರಸ್ತೆಯಲ್ಲಿ ಪರಿಚಯದವರ ಮೂರನೇ ಮಹಡಿ ಟೆರೇಸ್ ಹತ್ತಿದೆ. ಚಿಕ್ಕಪ್ಪನ ಮಗ ಪ್ಯಾರಪೆಟ್ ಹತ್ತಿರ ನಿಂತು ‘ಅಣ್ಣಾ, ಬಸ್ ಬಂತು!’ ಅಂತ ಕೂಗುವುದು, ನಾನು ಬಟನ್ ಒತ್ತುವುದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/11, ಶಟರ್ ತೆರೆದೇ ಇರುವುದು 20 ಸೆಕೆಂಡ್. ಬಸ್ಸಿನ ತಲೆ ಮೇಲಿನ ದೀಪಗಳು ಕಾರುಗಳ ಗೆರೆಗಿಂತ ಮೇಲೆ ಇನ್ನೊಂದು ಸಾಲು ಎಳೆಯುತ್ತವೆ, ನೋಡಲು ಅದೇ ಚೆಂದ. ಕ್ಯಾಮೆರಾ ಪರದೆಯಲ್ಲಿ ನೋಡಿ ಇಬ್ಬರೂ ಕುಣಿದಿದ್ದೆವು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಎದುರಿನ ‘ಮೆಡಿಕಲ್ಸ್’ ಬೋರ್ಡಿನ ಒಂದೊಂದು ಅಕ್ಷರದ ಪಕ್ಕಕ್ಕೂ ಅದರದೇ ಅವಳಿ. ನಲವತ್ತು ಫೋಟೋದಲ್ಲೂ ಅದೇ ಕಥೆ. 1,200 ರೂಪಾಯಿಯ ಪ್ಲಾಸ್ಟಿಕ್ ಕಾಲಿನ ಟ್ರೈಪಾಡಿಗೆ ಚೆನ್ನಾಗಿ ಬೈದೆ. 8,000 ಕೊಟ್ಟು ಇನ್ನೊಂದು ತಂದೆ. ಮುಂದಿನ ಜಾತ್ರೆವರೆಗೆ ಕಾದೆ. ಅದೇ ಟೆರೇಸ್, ಅದೇ ಬೋರ್ಡ್, ಅದೇ ಅವಳಿ ಅಕ್ಷರ! ಮಧ್ಯೆ ಒಂದು ದಿನವಾದರೂ ಮನೆ ಮುಂದೆ ಇಟ್ಟು ನೋಡಬಹುದಿತ್ತಲ್ಲ ಅಂತ ಕೇಳಬೇಡಿ. ಮನೆಯವಳು ಆಗಲೇ ಕೇಳಿಯಾಗಿದೆ.

ಆಮೇಲೊಂದು ದಿನ ಲೆನ್ಸ್ ಒರೆಸುವಾಗ ಪಕ್ಕದ ಸ್ವಿಚ್ ಕಣ್ಣಿಗೆ ಬಿತ್ತು. ಸ್ಟೆಬಿಲೈಜರ್. ಆನ್.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮದೂ ಬಹುತೇಕ ಇದೇ ಇರಬೇಕು. ಕೈಯಲ್ಲಿ ಹಿಡಿದಾಗ ಕೈ ನಡುಗುತ್ತೆ ಅಲ್ವಾ? ಆ ನಡುಕವನ್ನು ಸ್ಟೆಬಿಲೈಜರಿನ ಸೆನ್ಸರ್ ಹಿಡಿದು, ಲೆನ್ಸಿನೊಳಗಿನ ಒಂದು ಗಾಜನ್ನು ಎದುರು ದಿಕ್ಕಿಗೆ ಸರಿಸುತ್ತೆ. ಟ್ರೈಪಾಡ್ ಮೇಲೆ ನಡುಕವೇ ಇಲ್ಲ. ಆದರೂ ಅದು ಸುಮ್ನೆ ಕೂರಲ್ಲ, ಇಲ್ಲದ ನಡುಕ ಹುಡುಕುತ್ತಾ ಗಾಜನ್ನು ಅಷ್ಟಷ್ಟೇ ಜರುಗಿಸುತ್ತೆ. ಕ್ಷಣಾರ್ಧದ ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ. 20 ಸೆಕೆಂಡಿನಲ್ಲಿ ಚಿತ್ರವೇ ಜಾರಿಬಿಡುತ್ತೆ. ಟ್ರೈಪಾಡ್ ಎಷ್ಟು ಗಟ್ಟಿ ಇದ್ದರೇನು, ಅಲ್ಲಾಡುತ್ತಿದ್ದದ್ದು ಲೆನ್ಸಿನ ಹೊಟ್ಟೆಯೊಳಗೆ. ಟ್ರೈಪಾಡ್ ಇದೆ ಅಂತ ತಾನೇ ತಿಳಿದುಕೊಂಡು ನಿಲ್ಲಿಸುವ ಲೆನ್ಸ್‌ಗಳೂ ಈಗಿವೆ. ನಾನಂತೂ ನಂಬಲ್ಲ, ಕೈಯಾರೆ ಆಫ್ ಮಾಡುತ್ತೇನೆ. ಕೆಲವು ಲೆನ್ಸಿಗೆ ಸ್ವಿಚ್ ಇರಲ್ಲ, ಕ್ಯಾಮೆರಾ ಮೆನುವಿನಲ್ಲಿ ಹುಡುಕಿ. ಹೆಸರು ಕಂಪನಿಗೊಂದು: ಕ್ಯಾನನ್‌ನವರು ಐಎಸ್ ಅಂತಾರೆ, ನಿಕಾನ್‌ನವರು ವಿಆರ್.

ಇನ್ನೊಂದು, ಪರದೆಯಲ್ಲಿ ಬೆಳಕಿನ ಗೆರೆ ನೋಡಿ ಖುಷಿಪಡಬೇಡಿ. ಗೆರೆ ಯಾವಾಗಲೂ ನುಣ್ಣಗೇ ಕಾಣುತ್ತೆ, ಮೋಸ ಮಾಡುತ್ತೆ. ಜೂಮ್ ಮಾಡಿ ಅಂಗಡಿ ಬೋರ್ಡ್ ಓದಿ. ಬಟನ್ ಒತ್ತುವಾಗಿನ ಅಲ್ಲಾಟ ಫೋಟೋಗೆ ಬೀಳದಂತೆ 2 ಸೆಕೆಂಡಿನ ಟೈಮರ್ ಇಡಿ.

ಸರ್ಕಲ್ಲೇ ಬೇಕು ಅನ್ನುವುದನ್ನೂ ನಾನು ಒಪ್ಪಲ್ಲ. ಸಿಗ್ನಲ್‌ನಲ್ಲಿ ನಿಂತ ಗಾಡಿಯ ಹೆಡ್‌ಲೈಟ್ ಬಿಳಿ ಉಂಡೆಯಾಗಿ ಉಳಿಯುತ್ತೆ. ರಸ್ತೆ ತಿರುವಿನಲ್ಲಿ ತೆಗೆಯಿರಿ. ಇಂಡಿಕೇಟರ್ ಹಾಕಿದ ಗಾಡಿ ಬಂದರೆ ಹೊಲಿಗೆ ಹಾಕಿದ ಹಾಗೆ ಕಿತ್ತಳೆ ಚುಕ್ಕಿಗಳ ಸಾಲು ಬೀಳುತ್ತೆ. ರಾತ್ರಿ ಹತ್ತಕ್ಕೂ ಹೋಗಬೇಡಿ. ಸೂರ್ಯ ಮುಳುಗಿ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತೆ, ಅದೇ ಸಮಯ. ಡಿವೈಡರ್ ಮೇಲೆ ಮಾತ್ರ ನಿಲ್ಲಬೇಡಿ ಮಾರಾಯ್ರೆ.

ಮೂರನೇ ವರ್ಷ ಹಠಕ್ಕೆ ಬಿದ್ದು ಆ 1,200 ರೂಪಾಯಿ ಟ್ರೈಪಾಡಿನಲ್ಲೇ ತೆಗೆದೆ. ಮೆಡಿಕಲ್ಸ್ ಬೋರ್ಡಿನ ಕೆಳಗಿನ ಫೋನ್ ನಂಬರನ್ನೂ ಓದಬಹುದು.